ಬೆಟ್ಟದ ರೈಲಿಗೆ ಪಟ್ಟ, ಬಯಲಿನ ರೈಲಿಗೆ?

ಮೊನ್ನೆ ತರಗತಿಯಲ್ಲಿ ಕೇಳಿದೆ. ಕೋಲಾರದ ಕಡೆಯ ಹುಡುಗನಿಗೆ ಶಿಮ್ಲಾದ ಪುಟ್ಟ ರೈಲು ಗೊತ್ತು, ತನ್ನೂರಿನದು ಗೊತ್ತಿಲ್ಲ. ತಪ್ಪು ಅವನದಲ್ಲ, ನಮ್ಮದು.

೧೮೮೧ರ ಡಾರ್ಜಿಲಿಂಗ್ ರೈಲಿಗೆ ೧೯೯೯ರಲ್ಲಿ, ೧೯೦೩ರ ಕಾಲ್ಕಾ–ಶಿಮ್ಲಾ ರೈಲಿಗೆ ೨೦೦೮ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟ ಕಟ್ಟಿತು. ಸಂತೋಷವೇ. ಆಳುವವರು ಬೇಸಗೆಯ ಸೆಕೆ ತಾಳದೆ ಬೆಟ್ಟವೇರಿದ ದಾರಿಗಳವು. ಆದರೆ ಸಂತೆಗೆ ಹೊರಟ ರೈತನನ್ನು ಹೊತ್ತ ಬಯಲಿನ ರೈಲುಗಳ ಗತಿಯೇನು? ಗ್ವಾಲಿಯರಿನಿಂದ ಶ್ಯೋಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಮೇಲೆ ಸುಮಾರು ೨೦೦ ಕಿಲೋಮೀಟರು ಓಡುತ್ತಿದ್ದ ಗಾಡಿ ೨೦೨೦ರಲ್ಲಿ ನಿಂತಿತು. ನಮ್ಮ ಚಿಕ್ಕಬಳ್ಳಾಪುರ–ಕೋಲಾರದ ಎರಡೂವರೆ ಅಡಿಯ ಹಳಿ ಹೋಗಿ, ೨೦೧೩ರಲ್ಲಿ ಅಗಲ ಹಳಿಯ ರೈಲು ಬಂತು.

ಅಗಲ ಹಳಿ ಬೇಡವೆನ್ನುವವನು ನಾನಲ್ಲ. ಹಳಿ ಬದಲಾದಲ್ಲೆಲ್ಲ ಮೂಟೆ ಇಳಿಸಿ ಮತ್ತೆ ಹೇರಬೇಕಾದ ಹಮಾಲಿಯ ಬೆನ್ನಿಗೆ ಪರಂಪರೆಯ ಸವಿ ಹತ್ತೀತೆ? ನನ್ನ ಜಗಳವಿರುವುದು ಮರೆವಿನೊಡನೆ. ನೈನ್‌ಪುರದಲ್ಲಿ ಸಂಗ್ರಹಾಲಯವೊಂದಿದೆ, ಸರಿ. ಅಂಥ ರೈಲು ಓಡಿದ ಪ್ರತಿಯೊಂದು ಸೀಮೆಯಲ್ಲೂ ಒಂದು ನಿಲ್ದಾಣ, ಒಂದು ಫರ್ಲಾಂಗು ಹಳಿ, ಒಂದು ಡಬ್ಬಿಯಾದರೂ ಅಲ್ಲಿಯೇ ಉಳಿಯಬೇಕು. ಶಾಲೆಯ ಮಕ್ಕಳು ಹತ್ತಿ ನೋಡಬೇಕು.

ದೊರೆ ಕುಳಿತ ಗಾಡಿ ಪರಂಪರೆ, ರೈತ ಕುಳಿತದ್ದು ಗುಜರಿ ಎಂಬ ಲೆಕ್ಕವನ್ನು ನಾನಂತೂ ಒಪ್ಪಲಾರೆ.