ಹಕ್ಕೊತ್ತಾಯ ಪತ್ರ: ಹೊಣೆ ಮೇಲಕ್ಕೂ ಏರಲಿ

ಗೆ,
ಮಾನ್ಯ ಗೃಹ ಸಚಿವರು, ಕರ್ನಾಟಕ ಸರ್ಕಾರ
ಪೊಲೀಸ್ ಮಹಾನಿರ್ದೇಶಕರು, ಬೆಂಗಳೂರು
ಮುಖಾಂತರ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಗದಗ

ನಾವು ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಖಾಕಿ ತೊಟ್ಟು ದುಡಿದು ನಿವೃತ್ತರಾದವರು. ನಮ್ಮೊಡನೆ ಸಹಿ ಹಾಕಿದವರು ಠಾಣೆಗಳಿಗೆ ದೂರು ಒಯ್ದ ನಾಗರಿಕರು. ಆದೇಶ ಮೇಲಿನಿಂದ ಬಾಯಿಮಾತಿನಲ್ಲಿ ಇಳಿಯುತ್ತದೆ, ಶಿಕ್ಷೆ ಕೆಳಗಿನವರಿಗೆ ಬರಹದಲ್ಲಿ ತಲುಪುತ್ತದೆ. ತುಂಗಭದ್ರೆಯ ಮರಳು ಹೇರಿದ ಟ್ರ್ಯಾಕ್ಟರನ್ನು ಬಿಟ್ಟುಬಿಡು ಎಂದವರ ಹೆಸರು ಯಾವ ಡೈರಿಯಲ್ಲೂ ಸಿಗುವುದಿಲ್ಲ. ಬಿಟ್ಟ ಕಾನ್‌ಸ್ಟೆಬಲ್ ಅಮಾನತಾಗುತ್ತಾನೆ.

2017ರ ಫೆಬ್ರುವರಿಯಲ್ಲಿ ಪೊಲೀಸ್ ವಶದಲ್ಲಿ ಯುವಕನೊಬ್ಬ ಸತ್ತನೆಂಬ ಸಿಟ್ಟಿಗೆ ಲಕ್ಷ್ಮೇಶ್ವರದ ಠಾಣೆಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅಂಥ ಸಿಟ್ಟನ್ನು ಕೇಳಿಸಿಕೊಳ್ಳುವ ನಂಬಿಕೆಯ ಜಾಗವೊಂದನ್ನು ಜನರಿಗೆ ಕಟ್ಟಿಕೊಡಬೇಕಾಗಿದ್ದವರು ನೀವು. ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಆದೇಶಿಸಿತು, ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಒಪ್ಪಿತು. ಆದರೂ ಪೊಲೀಸರ ಮೇಲೆ ದೂರಿರುವ ಬೆಟಗೇರಿಯ ನೇಕಾರ ಇಂದಿಗೂ ಅದೇ ಪೊಲೀಸರ ಬಾಗಿಲಿಗೇ ಹೋಗುತ್ತಾನೆ.

545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮದ ಆರೋಪದಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ 2022ರ ಜುಲೈನಲ್ಲಿ ಸಿಐಡಿ ಬಂಧಿಸಿತು. ಮನಸ್ಸು ಮಾಡಿದರೆ ಹೊಣೆ ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದು ಅಂದು ಕಂಡಿದೆ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಬಾಯಿಮಾತಿನಲ್ಲಿ ಅಥವಾ ಫೋನಿನಲ್ಲಿ ಬಂದ ಪ್ರತಿ ಆದೇಶವನ್ನೂ ಕೊಟ್ಟವರ ಹೆಸರು, ಹುದ್ದೆ, ವೇಳೆ ಸಹಿತ ಠಾಣಾ ಡೈರಿಯಲ್ಲಿ ಬರೆಯಬೇಕು ಮತ್ತು ಕೊಟ್ಟ ಅಧಿಕಾರಿ 24 ಗಂಟೆಯೊಳಗೆ ಅದಕ್ಕೆ ಸಹಿ ಹಾಕಬೇಕು.

2. ಕಾನೂನಿಗೆ ವಿರುದ್ಧವಾದ ಆದೇಶವನ್ನು ಒಪ್ಪದ ಸಿಬ್ಬಂದಿಗೆ ಮೆಮೊ, ದೂರದ ವರ್ಗಾವಣೆ, ರಜೆ ನಿರಾಕರಣೆಗಳ ಮೂಲಕ ಸೇಡು ತೀರಿಸುವ ಅಧಿಕಾರಿಯ ಮೇಲೆ ಇಲಾಖಾ ವಿಚಾರಣೆ ನಡೆಯಬೇಕು.

3. ಪೊಲೀಸ್ ವಶದಲ್ಲಿ ಸಾವು ಅಥವಾ ಹಲ್ಲೆ ನಡೆದಾಗ ಪಹರೆಯಲ್ಲಿದ್ದವರ ಜೊತೆಗೆ ಇನ್‌ಸ್ಪೆಕ್ಟರ್, ಡಿವೈಎಸ್‌ಪಿ, ಎಸ್‌ಪಿಯವರ ಮೇಲ್ವಿಚಾರಣೆಯೂ ತನಿಖೆಗೆ ಒಳಪಡಬೇಕು ಮತ್ತು ಆ ವರದಿ ಮೃತರ ಅಥವಾ ಗಾಯಗೊಂಡವರ ಮನೆಯವರ ಕೈ ಸೇರಬೇಕು.

4. ವರ್ಗಾವಣೆಯನ್ನೇ ಶಿಕ್ಷೆಯೆಂದು ತೋರಿಸಿ ಕಡತ ಮುಚ್ಚುವುದು ನಿಲ್ಲಬೇಕು.

5. ಗದಗ ಜಿಲ್ಲೆಯ ದೂರು ಪ್ರಾಧಿಕಾರ ಸುಪ್ರೀಂ ಕೋರ್ಟ್ ಹೇಳಿದಂತೆ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ನಡೆಯಬೇಕು ಮತ್ತು ಅದರ ವಿಳಾಸ, ಫೋನ್ ಸಂಖ್ಯೆ, ಸಭೆಯ ದಿನಾಂಕಗಳು ಪ್ರತಿ ಠಾಣೆಯ ಹೊರಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು.

6. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದಂತೆ ಲಾಕಪ್ಪಿನಲ್ಲೂ ಬಾಗಿಲುಗಳಲ್ಲೂ ಧ್ವನಿ ದಾಖಲಿಸುವ ಸಿಸಿಟಿವಿ ಕ್ಯಾಮೆರಾಗಳು ಸದಾ ನಡೆಯುತ್ತಿರಬೇಕು, ಕೆಟ್ಟು ನಿಂತ ಪ್ರತಿ ಗಂಟೆಗೂ ಠಾಣಾಧಿಕಾರಿ ಲಿಖಿತ ಉತ್ತರ ಕೊಡಬೇಕು.

7. ದೂರುದಾರನನ್ನು ಎಫ್‌ಐಆರ್ ಇಲ್ಲದೆ ವಾಪಸು ಕಳಿಸುವ ಅಧಿಕಾರಿ ಕಾರಣ ಬರೆದು, ಸಹಿ ಹಾಕಿ, ಪ್ರತಿಯನ್ನು ದೂರುದಾರನ ಕೈಗೇ ಕೊಡಬೇಕು.

8. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂಬ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ವಿಧಿಯನ್ನು ಪಾಲಿಸದ ಠಾಣೆಗಳ ಪಟ್ಟಿ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗಬೇಕು.

9. ಠಾಣಾಧಿಕಾರಿಗೆ ಎರಡು ವರ್ಷಗಳ ಅವಧಿ ಖಾತ್ರಿಯಾಗಬೇಕು ಮತ್ತು ನಡುವೆ ಎತ್ತಂಗಡಿ ಮಾಡಿದರೆ ಕಾರಣವನ್ನೂ, ಅದಕ್ಕಾಗಿ ಬಂದ ಶಾಸಕ, ಸಚಿವರ ಶಿಫಾರಸು ಪತ್ರವನ್ನೂ ಬಹಿರಂಗಪಡಿಸಬೇಕು.

10. ಅಧಿಕಾರಿಗಳ ಮನೆಗೆಲಸಕ್ಕೆ ಸಿಬ್ಬಂದಿಯನ್ನು ಕಳಿಸುವುದು ಇಂದಿನಿಂದಲೇ ನಿಲ್ಲಬೇಕು.

11. ತೋಂಟದಾರ್ಯ ಜಾತ್ರೆಯಂಥ ಬಂದೋಬಸ್ತಿಗೆ ಸಿಬ್ಬಂದಿಯನ್ನು ನಿಲ್ಲಿಸುವ ಮೊದಲು ಪಾಳಿಯ ಅವಧಿ, ಊಟ, ಮಹಿಳಾ ಸಿಬ್ಬಂದಿಗೆ ಶೌಚಾಲಯ ಇವನ್ನು ಆದೇಶದಲ್ಲೇ ನಮೂದಿಸಬೇಕು ಮತ್ತು ಅದು ತಪ್ಪಿದರೆ ಆದೇಶಕ್ಕೆ ಸಹಿ ಹಾಕಿದವರು ಉತ್ತರಿಸಬೇಕು.

12. ಈ ಪತ್ರಕ್ಕೆ 30 ದಿನಗಳೊಳಗೆ, ಅಂಶವಾರು, ಹೆಸರು ಮತ್ತು ಹುದ್ದೆ ಬರೆದು ಸಹಿ ಹಾಕಿದ ಉತ್ತರ ಬರಬೇಕು.

ಬೆಟಗೇರಿಯ ನಿವೃತ್ತ ಪೊಲೀಸ್ ಸಿಬ್ಬಂದಿ ಮತ್ತು ನಾಗರಿಕರು