ಬಿಟ್ಟುಹೋದವರೂ ನ್ಯಾಯಾಲಯವೂ

ಬೆಳ್ತಂಗಡಿಗೆ ಅಂಟಿಕೊಂಡಂತಿರುವ ನಮ್ಮ ಲಾಯಿಲದ ಕಡೆ, ಗಂಡನು ಹೇಳದೆ ಕೇಳದೆ ಮನೆ ಬಿಟ್ಟನೆಂದರೆ ಹಿರಿಯರು ಕೊಡುವ ಸಲಹೆ ‘ಕೋರ್ಟಿನಿಂದ ಕರೆಸೋಣ’ ಎಂಬುದು. ನನಗೆ ಇದು ಒಪ್ಪಿಗೆಯಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮಿನ ಮೇರೆಗೆ ದಾಂಪತ್ಯದ ಹಕ್ಕನ್ನು ಮರಳಿ ಸ್ಥಾಪಿಸುವ ಡಿಕ್ರಿಯೇನೋ ದೊರೆಯುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಎತ್ತಿಹಿಡಿದಿದೆ. ಆದರೆ ಮಣಿಯದವನ ಆಸ್ತಿಯನ್ನು ಜಪ್ತಿ ಮಾಡಬಹುದೇ ಹೊರತು, ಅವನನ್ನೇ ಹಿಡಿತಂದು ಹೊಸ್ತಿಲೊಳಗೆ ಬಿಡುವ ಅಮೀನನು ಯಾವ ಕೋರ್ಟಿನಲ್ಲಿಯೂ ಇಲ್ಲ. ಡಿಕ್ರಿಯಾಗಿ ಒಂದು ವರ್ಷ ಇಬ್ಬರೂ ಕೂಡಿ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಆಧಾರ; ಹೆಂಡತಿ ಪಡೆದ ಡಿಕ್ರಿಯನ್ನು ಹಿಡಿದು ಗಂಡನೇ ಬಿಡುಗಡೆ ಕೇಳಬಹುದು!

ಹಿಂದೆ ಅಳಿಯಸಂತಾನದ ಮನೆತನಗಳಲ್ಲಿ ಹೆಣ್ಣಿಗೆ ತಾಯಿಯ ಕವರಿನಲ್ಲಿ ಹಕ್ಕಿತ್ತು. ಗಂಡನು ಹೋದರೂ ಸೂರು ಹೋಗುತ್ತಿರಲಿಲ್ಲ. ಆ ಕೂಡುಕುಟುಂಬಗಳು ಪಾಲಾಗಿ ಹೋದವು. ಈಗಿನ ಹೆಣ್ಣಿಗೆ ಮೊದಲು ಬೇಕಾದುದು ಅನ್ನದ ದಾರಿ.

ಆದುದರಿಂದ ಮೊದಲ ಅರ್ಜಿ ಜೀವನಾಂಶಕ್ಕಿರಲಿ. ಹಳೆಯ 125ನೆಯ ಕಲಮಿನ ಸ್ಥಾನಕ್ಕೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ. ಗಂಡನು ಎಲ್ಲಿಯೇ ಇರಲಿ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅವಳು ಕೇಳಬಹುದು. 2020ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಜೀವನಾಂಶವು ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು. ‘ಇಂದು ಬಂದಾನು, ನಾಳೆ ಬಂದಾನು’ ಎಂದು ಕಾದ ತಿಂಗಳುಗಳಿಗೆ ಬಿಡಿಕಾಸೂ ಇಲ್ಲ.

ವಿಚ್ಛೇದನಕ್ಕೆ ಎರಡು ವರ್ಷಗಳ ಸತತ ಪರಿತ್ಯಾಗ ಸಾಕು. 1976ರ ತಿದ್ದುಪಡಿಯವರೆಗೆ ಅದರಿಂದ ದೊರೆಯುತ್ತಿದ್ದುದು ನ್ಯಾಯಿಕ ಪ್ರತ್ಯೇಕವಾಸ ಮಾತ್ರ. ಆದರೆ ದುಡಿಮೆಗೆಂದು ಮುಂಬಯಿಗೋ ಕೊಲ್ಲಿಗೋ ಹೋದವನೆಲ್ಲ ಪರಿತ್ಯಜಿಸಿದವನಲ್ಲ. ಸಂಸಾರವನ್ನೇ ತೊರೆಯುವ ಸಂಕಲ್ಪ ಅವನಿಗಿತ್ತೆಂದು ಸ್ಥಾಪಿಸಬೇಕು. ಅದಕ್ಕೆ ನೆರವಾಗುವುದು ಮರಳಿಬಂದ ರಿಜಿಸ್ಟರ್ ಕಾಗದ, ಹಣ ಬರುವುದು ನಿಂತ ತಿಂಗಳನ್ನು ತೋರಿಸುವ ಬ್ಯಾಂಕಿನ ಪುಸ್ತಕ.