ಹಳೇ ತೆಪ್ಪದ ಬೆಲೆ ಎಷ್ಟು?

1/7
ಫೋಟೋದಲ್ಲಿ ಬೋರಲು ಹಾಕಿರೋದು ದೊಡ್ಡ ಬುಟ್ಟಿ ಅಲ್ಲ, ತೆಪ್ಪ. ಪುಸ್ತಕದಲ್ಲಿ ಹರಿಗೋಲು ಅಂತ ಓದಿರ್ತೀರಿ. ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ಮೀನು ಹಿಡಿಯೋರ ಗಾಡಿ ಇದೇ. ತುಂಗಭದ್ರೆ ದಂಡೆಯ ಹೊನ್ನಾಳಿ, ನ್ಯಾಮತಿ ಕಡೆಯೋರಿಗೂ ಇದರ ಪರಿಚಯ ಹೇಳಬೇಕಿಲ್ಲ.

ಮೈತುಂಬಾ ಡಾಂಬರು, ಅಲ್ಲಲ್ಲಿ ತೇಪೆ, ಅಂಚಿನ ಬಿದಿರು ಕೈ ತಾಗಿ ತಾಗಿ ನುಣ್ಣಗಾಗಿದೆ. ಇಂಥ ತೆಪ್ಪ ಇಟ್ಕೊಂಡಿರೋರ ಹತ್ರ ಹೋಗಿ "ಇದನ್ನ ಬಿಟ್ಟು ಹೊಸ ಫೈಬರ್‌ದು ತಗೋಬಾರ್ದಾ?" ಅಂತ ಕೇಳಿ ನೋಡಿ. ನಕ್ಕು ಬಲೆ ಬಿಡಿಸೋಕೆ ಕೂತ್ಕೋತಾರೆ. ನಾವು ಅದಕ್ಕೆ "ಸೆಂಟಿಮೆಂಟ್" ಅಂತ ಹೆಸರಿಟ್ಟು ಮುಂದೆ ಹೋಗ್ತೀವಿ.

ನಾನು ಹೇಳೋದು ಇಷ್ಟೇ: ಆ ಪ್ರೀತಿಯ ಹಿಂದೆ ಪಕ್ಕಾ ಲೆಕ್ಕ ಇದೆ. ನಾವು ಬಿಕಾಂನಲ್ಲಿ ಬರೆಯೋ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ, ಅಷ್ಟೆ.

2/7
ಕಾಮರ್ಸ್‌ನೋರು ಕೈ ಎತ್ತಿ. ಡಿಪ್ರಿಸಿಯೇಷನ್ ನೆನಪಿದ್ಯಾ? ನಾವು ಓದಿರೋ ಆದಾಯ ತೆರಿಗೆ ನಿಯಮಗಳ ಪಟ್ಟಿಯಲ್ಲಿ, ಒಳನಾಡಿನ ನೀರಲ್ಲಿ ಓಡೋ ಹಡಗು-ದೋಣಿಗಳಿಗೆ ಸವಕಳಿ 20%. ಅದೂ ರಿಟನ್ ಡೌನ್ ವ್ಯಾಲ್ಯೂ ಪದ್ಧತಿ.

ತೆಪ್ಪಕ್ಕೆ ಯಾರೂ ರಿಟರ್ನ್ ಫೈಲ್ ಮಾಡಲ್ಲ ಬಿಡಿ. ಆದ್ರೂ ಲೆಕ್ಕಕ್ಕೆ 20,000 ರೂಪಾಯಿ ಅಂತ ಇಟ್ಕೊಳ್ಳೋಣ. ಒಂದು ವರ್ಷಕ್ಕೆ 16,000. ಎರಡಕ್ಕೆ 12,800. ಐದಕ್ಕೆ ಸುಮಾರು 6,554. ಹತ್ತು ವರ್ಷ ಕಳೆದ್ರೆ 2,147 ರೂಪಾಯಿ. ನಮ್ಮ ಲೆಡ್ಜರ್ ಪ್ರಕಾರ ಹತ್ತು ವರ್ಷದ ತೆಪ್ಪ ಹೆಚ್ಚುಕಮ್ಮಿ ಗುಜರಿ.

ಇನ್ನೊಂದು ತಮಾಷೆ ನೋಡಿ. ವರ್ಷ ವರ್ಷ ಡಾಂಬರು ಬಳಿದು ತೇಪೆ ಹಾಕೋ ಖರ್ಚು ಎಲ್ಲಿಗೆ ಹೋಗುತ್ತೆ? ಲಾಭ-ನಷ್ಟ ಖಾತೆಯ ಡೆಬಿಟ್ ಬದಿಗೆ. ಮಾಮೂಲಿ ರಿಪೇರಿ ಅಂದ್ರೆ ರೆವಿನ್ಯೂ ಖರ್ಚು. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿ, ಬ್ಯಾಲೆನ್ಸ್ ಶೀಟಲ್ಲಿ ತೆಪ್ಪದ ಬೆಲೆ ಒಂದು ರೂಪಾಯಿನೂ ಏರಲ್ಲ.

ಇಲ್ಲೇ ನೋಡಿ, ಪುಸ್ತಕ ಒಂದು ದಾರಿ, ಮಾಲೀಕ ಇನ್ನೊಂದು ದಾರಿ ಹಿಡಿಯೋದು.

3/7
ತೆಪ್ಪ ಹೆಂಗೆ ಮಾಡ್ತಾರೆ ಗೊತ್ತಾ? ಬಿದಿರು ಸೀಳಿ, ಬುಟ್ಟಿ ಹೆಣೆದ ಹಾಗೆ ಹೆಣೀತಾರೆ. ಹಿಂದೆ ಮೇಲೆ ಚರ್ಮ ಹೊದಿಸ್ತಿದ್ರು. ಈಗ ಪ್ಲಾಸ್ಟಿಕ್ ಚೀಲ ಇಲ್ಲಾ ಟಾರ್ಪಾಲು ಹೊದಿಸಿ ಡಾಂಬರು ಬಳೀತಾರೆ. ಎಂಜಿನ್ ಇಲ್ಲ, ಮೊಳೆ ಇಲ್ಲ, ಸ್ಪೇರ್ ಪಾರ್ಟ್ ಅಂಗಡಿ ಬೇಕಿಲ್ಲ. ಒಂದು ಸೀಳು ಮುರಿದ್ರೆ ಅದೊಂದನ್ನೇ ಬದಲಾಯಿಸಬಹುದು. ತೂತಾದ್ರೆ ಅಷ್ಟಕ್ಕೇ ತೇಪೆ. ಬೆಳಿಗ್ಗೆ ಕೆಟ್ಟಿದ್ದನ್ನ ಬಿಸಿಲಿಗೆ ಒಣಗಿಸಿ ಸಂಜೆಗೆ ಮತ್ತೆ ನೀರಿಗೆ ಇಳಿಸಬಹುದು.

ಕೆರೆ ಏರಿ ಹತ್ರ ಒಬ್ಬ ಅಜ್ಜನ್ನ ಕೇಳಿದೆ, "ಅಜ್ಜಾ, ಹೊಸದು ಯಾಕೆ ಬೇಡ?"
ಅಜ್ಜ ಅಂದ್ರು: "ಇದು ಯಾವ ಕಡೆ ನೀರು ಕುಡೀತೈತಿ ಅಂತ ನಂಗೊತ್ತೈತಿ. ಹೊಸದು ಎಲ್ಲಿ ಕುಡೀತೈತೋ ಯಾರಿಗ್ ಗೊತ್ತಪ್ಪ?"

ಇದನ್ನ ಇನ್ನೊಂದ್ಸಲ ಓದಿ. ತನ್ನ ತೆಪ್ಪಕ್ಕೆ ದೋಷ ಇಲ್ಲ ಅಂತ ಅಜ್ಜ ಹೇಳ್ತಿಲ್ಲ. ಅದರ ದೋಷ ಎಲ್ಲಿದೆ ಅಂತ ಗೊತ್ತು ಅಂತಿದಾರೆ. ತೆಪ್ಪಕ್ಕೆ ಹಿಂದೆ-ಮುಂದೆ ಅಂತ ಇಲ್ಲ, ಹುಟ್ಟು ತಪ್ಪಿದ್ರೆ ಗಿರಗಿರ ತಿರುಗುತ್ತೆ. ಗಾಳಿ ಬೀಸಿದಾಗ ಎಷ್ಟು ವಾಲುತ್ತೆ, ಬಲೆ ಎಳೆಯೋವಾಗ ಎಲ್ಲಿ ಕೂರಬೇಕು, ಎಷ್ಟು ಕೆ.ಜಿ. ಮೀನು ಹಾಕಿದ್ರೆ ಅಂಚು ನೀರಿಗೆ ಹತ್ರ ಬರುತ್ತೆ, ಇದೆಲ್ಲಾ ಆ ಒಂದು ತೆಪ್ಪದ ಜೊತೆ ವರ್ಷಗಟ್ಟಲೆ ಇದ್ದು ಕಲಿತದ್ದು. ತೆಪ್ಪದ ಬೆಲೆ ಇಳೀತಾ ಹೋದಂಗೆ ಈ ತಿಳಿವಳಿಕೆ ಏರ್ತಾ ಹೋಗುತ್ತೆ. ಇದಕ್ಕೆ ಲೆಡ್ಜರಲ್ಲಿ ಯಾವ ಕಾಲಂ ಇದೆ ಹೇಳಿ?

4/7
"ಇದು ಹಳೇ ಕಾಲದ್ದು" ಅನ್ನೋರಿಗೆ: ಹೌದು, ತುಂಬಾನೇ ಹಳೇದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನ ತುಂಗಭದ್ರೆ ದಾಟ್ತಿದ್ದ ದುಂಡನೆ ತೆಪ್ಪಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸ್ತಿದ್ರು ಅಂತ. ಹಂಪಿ ಟ್ರಿಪ್‌ಗೆ ಹೋದಾಗ ನಾವು ರೀಲ್ಸ್ ಮಾಡೋ ತೆಪ್ಪದ ಅಜ್ಜನ ಅಜ್ಜ ಅದು. ಅದೇ ಹೊಳೆ ನಮ್ಮ ಹೊನ್ನಾಳಿ ದಾಟಿಯೇ ಅಲ್ಲಿಗೆ ಹೋಗೋದು.

ಐನೂರು ವರ್ಷ ಒಂದು ಡಿಸೈನ್ ಉಳಿದಿದೆ ಅಂದ್ರೆ ಸುಮ್ಮನೆ ಅಲ್ಲ. ತಳ ಚಪ್ಪಟೆ, ಮೊಣಕಾಲುದ್ದ ನೀರಲ್ಲೂ ತೇಲುತ್ತೆ. ಸಣ್ಣದಾದ್ರೆ ಒಬ್ಬರೇ ತಲೆ ಮೇಲೆ ಬೋರಲು ಹಾಕ್ಕೊಂಡು ನಡೀಬಹುದು. ಒಂದು ಕೆರೆಯಲ್ಲಿ ನೀರು ಇಳಿದ್ರೆ ಟಂಟಂ ಗಾಡಿ ಮೇಲೇರಿಸಿ ಇನ್ನೊಂದಕ್ಕೆ ಒಯ್ಯಬಹುದು.

ಜಗಳೂರಿನ ಫ್ರೆಂಡ್ಸ್, ಇದು ನಿಮಗೆ. ಬರದ ತಾಲ್ಲೂಕು ಅಂತಾನೇ ಹೆಸರಾದ ನಿಮ್ಮ ಕಡೆಗೆ 57 ಕೆರೆ ತುಂಬಿಸೋ ಯೋಜನೆಯಲ್ಲಿ ತುಂಗಭದ್ರೆ ನೀರು ಹರಿಸ್ತಿದಾರೆ. ಕೆರೆಗೆ ನೀರು ಬಂದ್ರೆ ಮೀನುಮರಿ ಬರುತ್ತೆ, ಆಮೇಲೆ ಹಿಡಿಯೋರು ಬೇಕು. ತುಂಬಿ-ಬತ್ತೋ ಸಣ್ಣ ಕೆರೆಗೆ ಹೊತ್ಕೊಂಡು ಹೋಗೋ ತೆಪ್ಪಕ್ಕಿಂತ ಸರಿಯಾದ ದೋಣಿ ಯಾವುದಿದೆ?

5/7
ಈಗ ಇನ್ನೊಂದು ಪಕ್ಷದ ಮಾತು. ಇಲ್ಲಾಂದ್ರೆ ಮೋಸ ಆಗುತ್ತೆ.

ಫೈಬರ್ ತೆಪ್ಪ ಕೊಳೆಯಲ್ಲ. ವರ್ಷ ವರ್ಷ ಡಾಂಬರು ಕೇಳಲ್ಲ. ಸರ್ಕಾರದಿಂದ ಸಹಾಯಧನವೂ ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ-ಬಲೆ ಕೊಡೋ ಅಂಶ ಸೇರಿದೆ. ಸಾಮಾನ್ಯ ವರ್ಗಕ್ಕೆ 40%, ಮಹಿಳೆಯರಿಗೆ ಮತ್ತು ಎಸ್‌ಸಿ-ಎಸ್‌ಟಿಯವರಿಗೆ 60%. ಹೊಸದಾಗಿ ಕಸುಬಿಗೆ ಇಳಿಯೋರಿಗೆ ಇದು ಖಂಡಿತಾ ಬೇಕು. ಬೇಡ ಅನ್ನೋಕೆ ನಾನ್ಯಾರು?

ಪ್ರೀತಿ ಕುರುಡಾಗಲೂಬಾರದು. ಬಿದಿರು ಕೊಳೆತು ಮೆತ್ತಗಾದ ತೆಪ್ಪಕ್ಕೆ ಇನ್ನೊಂದು ಕೋಟು ಡಾಂಬರು ಬಳಿದು ನೀರಿಗಿಳಿಸೋದು ಪ್ರೀತಿ ಅಲ್ಲ, ಹುಡುಗಾಟ. ಗಾಜನೂರು ಡ್ಯಾಮಿಂದ ನೀರು ಬಿಟ್ಟಾಗ ಹೊನ್ನಾಳಿಯ ಬಾಲರಾಜ್ ಘಾಟ್ ಕಡೆ ಹೊಳೆ ಹೆಂಗಿರುತ್ತೆ ಅಂತ ನೋಡಿದೋರಿಗೆ ಗೊತ್ತು. ಆವತ್ತು ಯಾವ ತೆಪ್ಪವೂ ಇಳಿಬಾರದು, ಹಳೇದೂ ಅಷ್ಟೇ, ಹೊಸದೂ ಅಷ್ಟೇ. ಉಳಿದ ದಿನವೂ ಮೈಮೇಲೆ ಲೈಫ್ ಜಾಕೆಟ್ ಇರಬೇಕು. "ಈಜು ಬರುತ್ತೆ ಬಿಡಪ್ಪ" ಅನ್ನೋರಿಗೂ.

6/7
ಹಾಗಾದ್ರೆ ನನ್ನ ತಕರಾರು ಏನು?

ಹೊಸದು ಕೊಳ್ಳೋಕೆ ದುಡ್ಡು ಕೊಡೋದು ಅಭಿವೃದ್ಧಿ, ಇದ್ದದ್ದನ್ನ ರಿಪೇರಿ ಮಾಡೋದು ಬಡತನ ಅನ್ನೋ ನಮ್ಮ ಯೋಚನೆ. ಫೈಬರ್ ಒಡೆದ್ರೆ ಅದನ್ನ ಬೆಸೆಯೋಕೆ ರಾಳ ಬೇಕು, ಫೈಬರ್ ಬಟ್ಟೆ ಬೇಕು, ಕೆಲಸ ಗೊತ್ತಿರೋರು ಬೇಕು. ಅವರು ಊರಲ್ಲಿ ಇಲ್ಲದಿದ್ರೆ ಒಂದು ಬಿರುಕಿಗೆ ಎಷ್ಟೋ ದಿನದ ಕೂಲಿ ಹೋಗುತ್ತೆ. ಬಿದಿರು ತೆಪ್ಪದ ಮೆಕ್ಯಾನಿಕ್ ಮಾಲೀಕನೇ.

ಆ ಮಾಲೀಕನ ಕೈಗೆ ವಯಸ್ಸಾಗ್ತಿದೆ. ಜನವರಿ 21ಕ್ಕೆ ಅಂಬಿಗರ ಚೌಡಯ್ಯನ ಜಯಂತಿ ಮಾಡ್ತೀವಿ. ಹುಟ್ಟು ಹಾಕಿ ಬದುಕಿದ ಶರಣನ ಫೋಟೋಗೆ ಹಾರ, ಭಾಷಣ, ಸ್ಟೇಟಸ್. ಒಳ್ಳೇದೇ. ಆದ್ರೆ ತೆಪ್ಪ ಹೆಣೆಯೋಕೆ ಬರೋ ನಮ್ಮ ವಯಸ್ಸಿನೋರು ಎಷ್ಟು ಜನ ನಿಮಗೆ ಗೊತ್ತು? ಬೆರಳು ಮಡಚಿ ಎಣಿಸಿ.

ಸೂಳೆಕೆರೆಯನ್ನೇ ನೋಡಿ. ಸುಮಾರು 900 ವರ್ಷದ ಕೆರೆ. ಯಾರೂ "ಸವೆದು ಹೋಯ್ತು, ಹೊಸದು ತರೋಣ" ಅನ್ನಲ್ಲ. ಏರಿ ಭದ್ರ ಮಾಡು, ತೂಬು ಸರಿ ಮಾಡು, ಹೂಳು ತೆಗಿ ಅಂತೀವಿ. ಸಿದ್ಧ ನಾಲೆ, ಬಸವ ನಾಲೆ ಅಂತ ಹೆಸರು ಹಿಡಿದು ಕರೀತೀವಿ. ಕೆರೆಗೆ ಒಂದು ನ್ಯಾಯ, ಅದರ ಮೇಲೆ ತೇಲೋ ತೆಪ್ಪಕ್ಕೆ ಇನ್ನೊಂದಾ?

7/7
ನನ್ನ ಬೇಡಿಕೆ ಮೂರೇ ಮೂರು.

ಒಂದು: ಹೊಸ ದೋಣಿಗೆ ಕೊಡೋ ಸಹಾಯಧನದ ಜೊತೆಗೆ ಹಳೇದರ ರಿಪೇರಿಗೂ ಸ್ವಲ್ಪ ಹಣ ಇಡಲಿ. ಬಿದಿರು, ಡಾಂಬರು, ಲೈಫ್ ಜಾಕೆಟ್‌ಗೆ ಬೇಕಾಗೋದು ದೊಡ್ಡ ಮೊತ್ತ ಏನಲ್ಲ.

ಎರಡು: ಫೈಬರ್ ಕೊಡೋದಾದ್ರೆ ಅದನ್ನ ರಿಪೇರಿ ಮಾಡೋ ತರಬೇತಿಯೂ ಊರಿನ ನಾಲ್ಕು ಹುಡುಗ-ಹುಡುಗಿಯರಿಗೆ ಸಿಗಲಿ.

ಮೂರು ನಮಗೆ: ಪ್ರಾಜೆಕ್ಟ್ ವರ್ಕ್ ಅಂದ ತಕ್ಷಣ ಅದೇ ಬ್ಯಾಂಕು, ಅದೇ ಸೂಪರ್ ಮಾರ್ಕೆಟ್ ಹಿಡೀಬೇಡಿ. ಒಬ್ಬ ಮೀನುಗಾರರ ಒಂದು ವರ್ಷದ ಜಮಾ-ಖರ್ಚು ಬರೀರಿ. ತೆಪ್ಪ ಎಷ್ಟು ದಿನ ನೀರಲ್ಲಿತ್ತು, ರಿಪೇರಿಗೆ ಎಷ್ಟಾಯ್ತು, ರಿಪೇರಿಗಾಗಿ ಎಷ್ಟು ದಿನ ಕೂಲಿ ತಪ್ಪಿತು. ಹಳೇದು ಲಾಭವೋ ಹೊಸದು ಲಾಭವೋ ಅಂತ ಅಂಕಿ ಇಟ್ಟು ಮಾತಾಡೋಣ. ಫೈಬರ್ ಗೆದ್ರೆ ಅದನ್ನೂ ಇಲ್ಲೇ ಪೋಸ್ಟ್ ಮಾಡ್ತೀನಿ.

ನಿಮ್ಮನೇಲಿ ತೆಪ್ಪ ಇದ್ರೆ ಅದಕ್ಕೆ ಎಷ್ಟು ವರ್ಷ, ಎಷ್ಟು ತೇಪೆ ಅಂತ ಕಾಮೆಂಟ್ ಹಾಕಿ. ಜೊತೆಗೆ ಅದು ಯಾವ ಕಡೆ ನೀರು ಕುಡಿಯುತ್ತೆ ಅಂತಾನೂ.

#ಹಳೇತೆಪ್ಪ #ಸೂಳೆಕೆರೆ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಬಿಕಾಂಲೆಕ್ಕ